ಅಧ್ಯಾಪಕ ಸಂಘದ ಚುನಾವಣೆಯೂ ಪ್ರಾತಿನಿಧ್ಯವೂ

೧

ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ತಮ್ಮ ಹಿತರಕ್ಷಣೆಗಾಗಿ ಸಂಘಗಳನ್ನು ಸ್ಥಾಪಿಸಿಕೊಂಡು, ಗೊತ್ತಾದ ಅವಧಿಗೊಮ್ಮೆ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧ್ಯಕ್ಷ ಮೊದಲಾದವರನ್ನೂ ಒಂದು ಕಾರ್ಯಕಾರೀ ಸಮಿತಿಯನ್ನೂ ಚುನಾಯಿಸಿಕೊಳ್ಳುವ ಪದ್ಧತಿಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂತಹ ಚುನಾವಣೆಗಳು ಮುಗಿದ ಮೇಲೆ ಒಂದು ಆಕ್ಷೇಪಣೆ ಏಳುವುದುಂಟು. ಸ್ತ್ರೀಯರು, ಪರಿಶಿಷ್ಟ ವರ್ಗಗಳವರು, ಕಿರಿಯ ಅಧ್ಯಾಪಕರು, ಹೊರ ಊರಿನ ಕೇಂದ್ರಗಳಲ್ಲಿ ದುಡಿಯುವವರು, ಇವರೆಲ್ಲರೂ ಚಂದಾ ಕೊಟ್ಟ ಸದಸ್ಯರಾಗಿದ್ದರೂ ಸಮಿತಿಯಲ್ಲಿ ಅವರಿಗೆ ಸ್ಥಳ ದೊರೆಯಲಿಲ್ಲವೆಂಬುದೇ ಆ ಆಕ್ಷೇಪಣೆ. "ಮತದಾರರ ಮನಸ್ಸು ಹಾಗಿತ್ತು, ಯಾರೇನು ಮಾಡಲಾದೀತು?" ಎಂಬುದು ಇದಕ್ಕೆ ಸಾಮಾನ್ಯವಾಗಿ ಬರುವ ಸಮಾಧಾನ. ಈ ಸಮಾಧಾನದಲ್ಲಿ ಅರ್ಧಾಂಶ ಮಾತ್ರ ಸತ್ಯವಿದೆ. ಮತದಾರರ ಮನಸ್ಸು ಎಳ್ಳಷ್ಟೂ ಬದಲಾಗದಿದ್ದರೂ ಮತವನ್ನು ಎಣಿಸುವ ಕ್ರಮವು ಬದಲಾದರೆ ಸಮಿತಿಯ ಸ್ವರೂಪವೇ ಬದಲಾಗುತ್ತದೆ. ಇದನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ವಿಶದಪಡಿಸುವುದು ಈ ಲೇಖನದ ಉದ್ದೇಶ.

೨

ವಿಚಾರಕ್ಕೆ ಒಂದು ನೆಲೆ ಬೇಕಷ್ಟೆ. ಬೆಂಗಳೂರಿನ ಉತ್ತರಭಾಗವನ್ನು ತೆಗೆದುಕೊಳ್ಳೋಣ. ೧೮೯೯ರಲ್ಲಿ, ವಾಣೀವಿಲಾಸ ಸನ್ನಿಧಾನದ ಮಹಾರಾಣಿಯವರು ರೀಜೆಂಟರಾಗಿದ್ದ ಕಾಲದಲ್ಲಿ, ಹೆಬ್ಬಾಳದಲ್ಲಿ ಅವರು ದಾನವಾಗಿ ಕೊಟ್ಟ ೩೦ ಎಕರೆ ನೆಲದ ಮೇಲೆ ವ್ಯವಸಾಯ ಪ್ರಯೋಗಕ್ಷೇತ್ರವು ಪ್ರಾರಂಭವಾಯಿತು. ಅದರ ಭಾರವನ್ನು ಡಾಕ್ಟರ್ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ವಹಿಸಿಕೊಂಡರು. ೧೯೧೩ರಲ್ಲಿ ಅಲ್ಲಿ ವ್ಯವಸಾಯ ಶಾಲೆಯೂ, ೧೯೪೬ರಲ್ಲಿ ವ್ಯವಸಾಯ ಕಾಲೇಜೂ ಏರ್ಪಟ್ಟುವು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಉದಯಿಸಿತು. ಹೆಬ್ಬಾಳದಲ್ಲಿಯೇ ಇರುವ ಪಶುವೈದ್ಯ ಕಾಲೇಜು ೧೯೫೮ರಲ್ಲಿ ಸ್ಥಾಪಿತವಾದುದು. ೨೦೦೪ರ ಶಾಸನದಿಂದ ಹುಟ್ಟಿದ, ಬೀದರನ್ನು ಕೇಂದ್ರವಾಗುಳ್ಳ ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಅದು ಈಗ ಸೇರಿದೆ. ಬೆಂಗಳೂರು ವಿಶ್ವವಿದ್ಯಾನಿಲಯವು ವಿಭಾಗವಾಗಿ ೨೦೧೭ರಲ್ಲಿ ಕಾರ್ಯಾರಂಭ ಮಾಡಿದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯಕ್ಕೆ ಹೆಸರು ಬೆಂಗಳೂರಿನದಾದರೂ ಕೇಂದ್ರಸ್ಥಾನ ಕೋಲಾರ. ಯಲಹಂಕದ ಕಡೆಗೆ ಹೋದರೆ ಖಾಸಗಿ ವಿಶ್ವವಿದ್ಯಾನಿಲಯಗಳು. ಯಶವಂತಪುರದ ಕಡೆಗೆ ಬಂದರೆ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ.

ಹೀಗೆ ಕೆಲವೇ ಮೈಲಿಗಳ ಅಂತರದಲ್ಲಿ ಬೇರೆ ಬೇರೆ ಶಾಸನಗಳಿಗೆ, ಬೇರೆ ಬೇರೆ ಯಜಮಾನರಿಗೆ ಒಳಪಟ್ಟ ಅಧ್ಯಾಪಕರು ಇದ್ದಾರೆ. ಒಂದೇ ವಿಶ್ವವಿದ್ಯಾನಿಲಯದ ಒಳಗೂ ಏಕರೂಪತೆಯಿಲ್ಲ. ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವವರು, ಸಂಶೋಧನೆ ನಡೆಸುವವರು, ರೈತರ ನಡುವೆ ವಿಸ್ತರಣಕಾರ್ಯ ಮಾಡುವವರು ಎಂದು ಮೂರು ಬಗೆಯವರುಂಟು. ಇವರಲ್ಲಿ ಕೆಲವರು ನಗರದ ಆವರಣದಲ್ಲಿಯೂ, ಕೆಲವರು ಚಿಂತಾಮಣಿಯಂತಹ ದೂರದ ಊರುಗಳಲ್ಲಿಯೂ ಇರುತ್ತಾರೆ. ಹೀಗಿರಲು ಒಂದು ಸಂಘವು "ಅಧ್ಯಾಪಕರ ಅಭಿಪ್ರಾಯ" ಎಂದು ಹೇಳುವಾಗ ಅದು ಯಾರ ಅಭಿಪ್ರಾಯವೆಂದು ಕೇಳುವುದು ನ್ಯಾಯವೇ ಆಗಿದೆ.

ಈ ಪ್ರಶ್ನೆಯು ಬರಿಯ ಗೌರವದ ಪ್ರಶ್ನೆಯೆಂದು ಭಾವಿಸಕೂಡದು. ೨೦೦೦ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಶಾಸನದಲ್ಲಿ ಹಿಂದಿನ ಕಾಲದ ಸೆನೆಟ್ ಸಭೆಗೆ ಸ್ಥಾನವಿಲ್ಲ. ಸಿಂಡಿಕೇಟಿನಲ್ಲಿ ಸರಕಾರವು ನಾಮಕರಣ ಮಾಡಿದ ಸದಸ್ಯರು ಕುಳಿತುಕೊಳ್ಳುತ್ತಾರೆ. ಆದುದರಿಂದ ಆ ಶಾಸನಕ್ಕೆ ಒಳಪಟ್ಟ ಕಡೆಗಳಲ್ಲಿ, ಅಧ್ಯಾಪಕರು ತಮ್ಮ ಮುಖಂಡರನ್ನು ತಾವೇ ಆರಿಸಿಕೊಳ್ಳುವ ಎಡೆಗಳು ವಿರಳ. ಅವುಗಳಲ್ಲಿ ಸಂಘವು ಮುಖ್ಯವಾದುದು. ಅಲ್ಲಿಯೂ ಧ್ವನಿಯಿಲ್ಲದವನಿಗೆ ಬೇರೆಲ್ಲಿ ಧ್ವನಿ ದೊರೆತೀತು?

೩

ಪ್ರಾತಿನಿಧ್ಯದ ವಿಚಾರದಲ್ಲಿ ಮೊದಲನೆಯ ಮೆಟ್ಟಿಲು ಮತದಾರರ ಪಟ್ಟಿ. ಪಟ್ಟಿಯಲ್ಲಿಯೇ ಇಲ್ಲದವನಿಗೆ ಎಣಿಕೆಯ ಯಾವ ಕ್ರಮದಿಂದಲೂ ಪ್ರಯೋಜನವಿಲ್ಲ. ಇದಕ್ಕೆ ಅತಿಥಿ ಉಪನ್ಯಾಸಕರ ಸ್ಥಿತಿಯು ಸ್ಪಷ್ಟವಾದ ಉದಾಹರಣೆ. ಕರ್ನಾಟಕದ ಸರಕಾರೀ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂತಹವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಪಾಠ ಹೇಳಿದ್ದಾರೆ. ದೀರ್ಘಕಾಲದ ಮುಷ್ಕರದ ತರುವಾಯ ೨೦೨೨ರ ಜನವರಿಯಲ್ಲಿ ಸರಕಾರವು, ಅದುವರೆಗೆ ತಿಂಗಳಿಗೆ ೧೧,೦೦೦ ಮತ್ತು ೧೩,೦೦೦ ರೂಪಾಯಿಗಳಿದ್ದ ಗೌರವಧನವನ್ನು, ವಿದ್ಯಾರ್ಹತೆ ಮತ್ತು ಸೇವಾವಧಿಗಳಿಗೆ ಅನುಸಾರವಾಗಿ ೨೬,೦೦೦ದಿಂದ ೩೨,೦೦೦ ರೂಪಾಯಿಗಳವರೆಗೆ ಏರಿಸಿತು. ಅದರೊಡನೆ ವಾರದ ಪಾಠದ ಅವಧಿಯನ್ನು ೧೫ ಗಂಟೆಗಳಿಗೆ ಹೆಚ್ಚಿಸಿತು. ವೇತನವು ಏರಿದುದು ಸಂತೋಷವೇ. ಆದರೆ ಒಬ್ಬರ ಪಾಲಿನ ಗಂಟೆಗಳು ಹೆಚ್ಚಿದರೆ ಅಷ್ಟೇ ಪಾಠಕ್ಕೆ ಬೇಕಾಗುವ ಜನರ ಸಂಖ್ಯೆಯು ಕಡಮೆಯಾಗುವುದು ಲೆಕ್ಕದ ಮಾತು. ಆದಕಾರಣ ಕೆಲಸ ಕಳೆದುಕೊಳ್ಳುವ ಭೀತಿಯೂ ಅವರಲ್ಲಿ ಹುಟ್ಟಿತು.

ಒಂದೇ ಆಜ್ಞೆಯು ಕೆಲವರಿಗೆ ಅನ್ನವನ್ನೂ ಕೆಲವರಿಗೆ ಆತಂಕವನ್ನೂ ತಂದ ಇಂತಹ ಸಂದರ್ಭದಲ್ಲಿ, ಖಾಯಂ ಅಧ್ಯಾಪಕರಿಂದಲೇ ತುಂಬಿದ ಸಮಿತಿಯು ಎಷ್ಟೇ ಸದ್ಭಾವವುಳ್ಳದ್ದಾದರೂ ಎರಡನೆಯ ಪಕ್ಷವನ್ನು ತಾನಾಗಿ ಕಾಣುವುದು ಕಷ್ಟ. ಅದರ ಸದಸ್ಯರಲ್ಲಿ ಯಾರೊಬ್ಬರಿಗೂ ಮುಂದಿನ ವರ್ಷದ ಕೆಲಸದ ಚಿಂತೆಯಿಲ್ಲವಷ್ಟೆ. ಪ್ರಾತಿನಿಧ್ಯದ ಪ್ರಯೋಜನವು ಇಲ್ಲಿಯೇ ಇದೆ. ಅದು ಬೇರೆ ಬೇರೆ ಪಂಗಡಗಳಿಗೆ ಪದವಿಗಳನ್ನು ಹಂಚುವ ಉಪಾಯವಲ್ಲ; ಸಮಿತಿಯ ಕಣ್ಣಿಗೆ ಬೀಳದ ಸಂಗತಿಗಳನ್ನು ಅದರ ಮುಂದೆ ತರುವ ಸಾಧನ.

೪

ಎರಡನೆಯ ಮೆಟ್ಟಿಲು ಎಣಿಕೆಯ ಕ್ರಮ. ಸಂಘವೊಂದರಲ್ಲಿ ೧೦೦ ಮಂದಿ ಮತದಾರರು, ಸಮಿತಿಗೆ ೫ ಸ್ಥಾನಗಳು ಎಂದು ಭಾವಿಸಿಕೊಳ್ಳೋಣ. ಅವರಲ್ಲಿ ೫೫ ಮಂದಿಯದು ಒಂದು ಪಕ್ಷ, ೪೫ ಮಂದಿಯದು ಇನ್ನೊಂದು. ಪ್ರತಿಯೊಬ್ಬ ಮತದಾರನೂ ಐದು ಹೆಸರುಗಳಿಗೆ ಗುರುತು ಹಾಕಬಹುದು, ಹೆಚ್ಚು ಮತ ಪಡೆದ ಐವರು ಗೆದ್ದಂತೆ ಎಂಬುದು ಸಂಘಗಳಲ್ಲಿ ರೂಢಿಯಾಗಿರುವ ಸುಲಭವಾದ ನಿಯಮ. ಈ ನಿಯಮದಂತೆ ಮೊದಲನೆಯ ಪಕ್ಷದ ಐವರಿಗೂ ತಲಾ ೫೫ ಮತಗಳು, ಎರಡನೆಯ ಪಕ್ಷದ ಐವರಿಗೂ ತಲಾ ೪೫ ಮತಗಳು ಬೀಳುತ್ತವೆ. ಫಲವೇನು? ಐದು ಸ್ಥಾನಗಳೂ ೫೫ ಮಂದಿಗೆ. ೪೫ ಮಂದಿಗೆ ಒಂದೂ ಇಲ್ಲ. ಇಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾರಲ್ಲಿಯೂ ದ್ವೇಷವಿರಲಿಲ್ಲ. ನಿಯಮವೇ ಹಾಗೆ ಮಾಡಿತು.

ಈ ದೋಷವನ್ನು ಕಂಡು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಡೆನ್ಮಾರ್ಕಿನ ಆಂಡ್ರೆ, ಇಂಗ್ಲೆಂಡಿನ ಥಾಮಸ್ ಹೇರ್ ಎಂಬವರು ಬೇರೆ ಬೇರೆಯಾಗಿ ಒಂದು ಕ್ರಮವನ್ನು ಕಲ್ಪಿಸಿದರು. ಅದಕ್ಕೆ ಏಕ ವರ್ಗಾವಣೀಯ ಮತಪದ್ಧತಿಯೆಂದು ಹೆಸರು. ಮತದಾರನು ಅಭ್ಯರ್ಥಿಗಳ ಹೆಸರುಗಳ ಮುಂದೆ ತನಗಿಷ್ಟವಾದ ಕ್ರಮದಲ್ಲಿ ೧, ೨, ೩ ಎಂದು ಅಂಕಿಗಳನ್ನು ಬರೆಯುತ್ತಾನೆ. ಈಗ ವಾಡಿಕೆಯಲ್ಲಿರುವ ಲೆಕ್ಕದಂತೆ, ಚಲಾವಣೆಯಾದ ಮತಗಳನ್ನು ಸ್ಥಾನಗಳ ಸಂಖ್ಯೆಗಿಂತ ಒಂದು ಹೆಚ್ಚಾದ ಸಂಖ್ಯೆಯಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ ಒಂದನ್ನು ಕೂಡಿಸಿದರೆ ಗೆಲುವಿಗೆ ಬೇಕಾದ ಮತಸಂಖ್ಯೆ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ೧೦೦ನ್ನು ೬ರಿಂದ ಭಾಗಿಸಿದರೆ ೧೬. ಒಂದು ಕೂಡಿಸಿದರೆ ೧೭. ಹದಿನೇಳು ಮತಗಳಿಗಿಂತ ಹೆಚ್ಚಾಗಿ ಪಡೆದವನ ಅಧಿಕ ಮತಗಳು ಮತದಾರರು ಸೂಚಿಸಿದ ಮುಂದಿನ ಹೆಸರಿಗೆ ಹೋಗುತ್ತವೆ. ಕಡೆಯಲ್ಲಿರುವವನು ಬಿಟ್ಟುಹೋದಾಗ ಅವನ ಮತಗಳೂ ಹಾಗೆಯೇ ವರ್ಗವಾಗುತ್ತವೆ. ಆಗ ೫೫ ಮಂದಿಗೆ ಮೂರು ಸ್ಥಾನಗಳೂ ೪೫ ಮಂದಿಗೆ ಎರಡು ಸ್ಥಾನಗಳೂ ದೊರೆಯುತ್ತವೆ. ಬಹುಮತಕ್ಕೆ ಬಹುಮತವು ಉಳಿಯಿತು; ಅಲ್ಪಮತಕ್ಕೂ ಬಾಯಿ ಬಂದಿತು.

ಈ ಪದ್ಧತಿಯು ನಮ್ಮ ಅಧ್ಯಾಪಕರಿಗೆ ಅಪರಿಚಿತವಾದುದೇನೂ ಅಲ್ಲ. ಕರ್ನಾಟಕದ ವಿಧಾನ ಪರಿಷತ್ತಿನ ೭೫ ಸ್ಥಾನಗಳಲ್ಲಿ ೭ ಶಿಕ್ಷಕರ ಕ್ಷೇತ್ರಗಳಿಗೆ ಸೇರಿದುವು. ಬೆಂಗಳೂರಿನದೂ ಅವುಗಳಲ್ಲಿ ಒಂದು. ಸಂವಿಧಾನದ ೧೭೧ನೆಯ ಅನುಚ್ಛೇದವು ಈ ಚುನಾವಣೆಯು ಪ್ರಮಾಣಾನುಗುಣ ಪ್ರಾತಿನಿಧ್ಯದಂತೆ, ಏಕ ವರ್ಗಾವಣೀಯ ಮತದಿಂದ ನಡೆಯಬೇಕೆಂದು ವಿಧಿಸಿದೆ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕ್ಷೇತ್ರಕ್ಕೆ ಸ್ಥಾನವು ಒಂದೇ. ಒಂದೇ ಸ್ಥಾನವಿದ್ದಾಗ ಮತಗಳನ್ನು ೨ರಿಂದ ಭಾಗಿಸಬೇಕಾಗುವುದರಿಂದ, ಗೆಲುವಿಗೆ ಅರ್ಧಕ್ಕಿಂತ ಹೆಚ್ಚು ಮತಗಳು ಬೇಕಾಗುತ್ತವೆ. ಒಂದನ್ನು ಪ್ರಮಾಣಾನುಗುಣವಾಗಿ ಹಂಚುವುದೆಂತು? ಹೆಸರು ಉಳಿದಿದೆ, ಅರ್ಥವು ಬಹಳಮಟ್ಟಿಗೆ ಜಾರಿಹೋಗಿದೆ. ಇದರಿಂದ ಸಂಘಗಳು ಕಲಿಯಬೇಕಾದ ಪಾಠವೇನೆಂದರೆ, ಅಧ್ಯಕ್ಷಪದವಿಯಂತಹ ಒಂಟಿ ಸ್ಥಾನಗಳಿಂದ ವೈವಿಧ್ಯವನ್ನು ನಿರೀಕ್ಷಿಸಲಾಗದು. ಅನೇಕ ಸ್ಥಾನಗಳುಳ್ಳ ಸಮಿತಿಯಲ್ಲಿ ಮಾತ್ರ ಈ ಪದ್ಧತಿಯು ಫಲ ಕೊಡುತ್ತದೆ.

೫

ಮೂರನೆಯ ಉಪಾಯ ಮೀಸಲು ಸ್ಥಾನ. ಮೇಲೆ ಹೇಳಿದ ಪದ್ಧತಿಯು ಮತದಾರರು ಬಯಸಿದ ಭೇದಗಳನ್ನು ಮಾತ್ರ ಪ್ರತಿಬಿಂಬಿಸುತ್ತದೆ. ನೂರರಲ್ಲಿ ಮೂವತ್ತು ಮಂದಿ ಸ್ತ್ರೀಯರಿದ್ದರೂ ಅವರು ತಮ್ಮ ತಮ್ಮ ವಿಭಾಗಗಳ ಅಭ್ಯರ್ಥಿಗಳಿಗೇ ಮತವಿತ್ತರೆ ಸಮಿತಿಯಲ್ಲಿ ಒಬ್ಬ ಸ್ತ್ರೀಯೂ ಇಲ್ಲದಿರಬಹುದು. ಆದುದರಿಂದಲೇ ಶಾಸನಗಳು ಕೆಲವೆಡೆ ಸ್ಥಾನಗಳನ್ನು ಕಾದಿರಿಸಿವೆ. ಕರ್ನಾಟಕದ ೧೯೮೩ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಶಾಸನವು ಸ್ತ್ರೀಯರಿಗೆ ನೂರಕ್ಕೆ ೨೫ ಸ್ಥಾನಗಳನ್ನು ಮೀಸಲಿಟ್ಟು, ಈ ವಿಷಯದಲ್ಲಿ ದೇಶಕ್ಕೇ ಮುಂದಾಳಾಯಿತು.

ವೃತ್ತಿಸಂಘಗಳಿಗೆ ಈ ವಿಚಾರವು ಇತ್ತೀಚೆಗೆ ನ್ಯಾಯಾಲಯದ ಮೂಲಕ ಬಂದಿದೆ. ೨೦೨೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನಲ್ಲಿಯ ವಕೀಲರ ಸಂಘದ ಕಾರ್ಯಕಾರೀ ಸಮಿತಿಯಲ್ಲಿ ಮೂರನೆಯ ಒಂದು ಭಾಗವನ್ನು ಸ್ತ್ರೀಯರಿಗೆ ಕಾದಿರಿಸಬೇಕೆಂದು ಆಜ್ಞಾಪಿಸಿತು. ೨೦೨೫ರ ಜನವರಿಯಲ್ಲಿ, ಚುನಾವಣೆಯ ಸಿದ್ಧತೆಯು ನಡೆಯುತ್ತಿರುವಾಗಲೇ, ಬೆಂಗಳೂರು ವಕೀಲರ ಸಂಘದ ಖಜಾಂಚಿ ಪದವಿಯನ್ನು ಸ್ತ್ರೀಗೆ ಮೀಸಲಿಡುವಂತೆ ನಿರ್ದೇಶಿಸಿತು. ವಕೀಲರ ಸಂಘಕ್ಕೆ ಸಂದ ಈ ಆಜ್ಞೆಯು ಅಧ್ಯಾಪಕರ ಸಂಘಗಳನ್ನು ಬಂಧಿಸುವುದಿಲ್ಲ, ನಿಜ. ಆದರೆ ತಮ್ಮ ನಿಯಮಾವಳಿಯನ್ನು ತಾವೇ ತಿದ್ದಿಕೊಳ್ಳುವ ಶಕ್ತಿಯುಳ್ಳವರು ಹೊರಗಿನಿಂದ ಆಜ್ಞೆ ಬರುವವರೆಗೆ ಕಾಯುವುದು ವಿದ್ಯಾವಂತರಿಗೆ ಶೋಭಿಸುವ ನಡತೆಯಲ್ಲ.

ಮೀಸಲು ಸ್ಥಾನಕ್ಕೂ ಒಂದು ದೌರ್ಬಲ್ಯವುಂಟು. ಸ್ಥಾನವು ಅಲ್ಪಸಂಖ್ಯಾತರಿಗೆ, ಆದರೆ ಆರಿಸುವವರು ಎಲ್ಲರೂ ಎಂದಾದಾಗ, ಬಹುಮತಕ್ಕೆ ಹಿತರಾದ ಅಲ್ಪಸಂಖ್ಯಾತರೇ ಆರಿಸಿ ಬರುವ ಸಂಭವ ಹೆಚ್ಚು. ೧೯೩೨ರಲ್ಲಿ ಡಾಕ್ಟರ್ ಅಂಬೇಡ್ಕರರೂ ಗಾಂಧೀಜಿಯವರೂ ಎದುರು ಬದುರಾದುದು ಇಂತಹ ಪ್ರಶ್ನೆಯಲ್ಲಿಯೇ. ಆಗ ಆದ ಪೂನಾ ಒಪ್ಪಂದವು ದಲಿತ ವರ್ಗಗಳಿಗೆ ಪ್ರಾಂತಗಳ ಶಾಸನಸಭೆಗಳಲ್ಲಿ ೧೪೮ ಸ್ಥಾನಗಳನ್ನು ಕಾದಿರಿಸಿ, ಒಂದು ಮಧ್ಯಮಾರ್ಗವನ್ನು ಕಲ್ಪಿಸಿತು: ಮೊದಲು ಆ ವರ್ಗದ ಮತದಾರರೇ ನಾಲ್ವರನ್ನು ಆರಿಸುವುದು, ತರುವಾಯ ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಮತದಾರರೂ ಸೇರಿ ಚುನಾಯಿಸುವುದು. ಅಧ್ಯಾಪಕ ಸಂಘವೊಂದು ಅತಿಥಿ ಉಪನ್ಯಾಸಕರಿಗೋ ಸ್ತ್ರೀಯರಿಗೋ ಸ್ಥಾನ ಮೀಸಲಿಡುವಾಗ, ಅಭ್ಯರ್ಥಿಗಳನ್ನು ಸೂಚಿಸುವ ಹಕ್ಕನ್ನು ಆಯಾ ವರ್ಗದವರಿಗೇ ಬಿಟ್ಟರೆ ಈ ದೋಷವು ಬಹುಮಟ್ಟಿಗೆ ಪರಿಹಾರವಾಗುತ್ತದೆ.

೬

ಇಲ್ಲಿಗೆ ನಮ್ಮ ವಿಚಾರದ ಸಾರವನ್ನು ಸಂಗ್ರಹಿಸಬಹುದು. ಪಾಠ ಹೇಳುವವರೆಲ್ಲರನ್ನೂ ಮತದಾರರ ಪಟ್ಟಿಯಲ್ಲಿ ಸೇರಿಸುವುದು. ಸಮಿತಿಯ ಸ್ಥಾನಗಳನ್ನು ವರ್ಗಾವಣೀಯ ಮತದಿಂದ ತುಂಬುವುದು. ಅದರಿಂದಲೂ ಒಳಬರಲಾಗದವರಿಗೆ ಕೆಲವು ಸ್ಥಾನಗಳನ್ನು ಕಾದಿರಿಸಿ, ಹೆಸರು ಸೂಚಿಸುವುದನ್ನು ಅವರಿಗೇ ಬಿಡುವುದು. ಮತಪೆಟ್ಟಿಗೆಯನ್ನು ಹೆಬ್ಬಾಳದಲ್ಲಿ ಮಾತ್ರವಲ್ಲದೆ ಹೊರಗಿನ ಕೇಂದ್ರಗಳಲ್ಲಿಯೂ ಇಡುವುದು. ಇವು ಪರಸ್ಪರ ವಿರುದ್ಧವಲ್ಲ. ಒಂದು ಬಿಟ್ಟ ಕಡೆಯನ್ನು ಇನ್ನೊಂದು ತುಂಬುತ್ತದೆ.

ಇದಕ್ಕೆ ಬೆಲೆಯೂ ಉಂಟೆಂಬುದನ್ನು ಮರೆಮಾಚಬಾರದು. ಎಣಿಕೆಯು ತೊಡಕಾಗುತ್ತದೆ. ಬೇರೆ ಬೇರೆ ಮನಸ್ಸಿನವರು ಕೂಡಿದ ಸಮಿತಿಯು ಏಕಪಕ್ಷದ ಸಮಿತಿಯಷ್ಟು ಬೇಗ ನಿರ್ಧಾರಕ್ಕೆ ಬರಲಾರದು. ಮುಷ್ಕರದಂತಹ ಸಮಯದಲ್ಲಿ ಈ ವಿಳಂಬವು ಅಪಾಯಕರವೂ ಆಗಬಹುದು. ಆದರೆ ಬೇಗನೆ ಮಾಡಿದ ನಿರ್ಧಾರವನ್ನು ಸದಸ್ಯರಲ್ಲಿ ಅರ್ಧದಷ್ಟು ಮಂದಿ ತಮ್ಮದೆಂದು ಒಪ್ಪದಿದ್ದರೆ, ಆ ವೇಗದಿಂದ ಬಂದ ಲಾಭವೇನು? ಆಡಳಿತದವರ ಮುಂದೆ ನಿಂತು "ನಾವು ಅಧ್ಯಾಪಕರೆಲ್ಲರ ಪರವಾಗಿ ಮಾತನಾಡುತ್ತೇವೆ" ಎಂದು ಕಾರ್ಯದರ್ಶಿಯು ಹೇಳುವಾಗ, ಆ 'ಎಲ್ಲರ' ಎಂಬ ಮಾತು ನಿಜವಾಗಿರಬೇಕು. ಸಂಘದ ಬಲವಿರುವುದು ಆ ಒಂದು ಮಾತಿನಲ್ಲಿಯೇ.