ತಳಿ ಒಂದೇ, ಇಳುವರಿ ಬೇರೆ: ಹಿಪ್ಪುನೇರಳೆ ತೋಟದ ಲೆಕ್ಕಾಚಾರ

ಮೈಸೂರು ರೇಷ್ಮೆ ಸೀರೆಯ ಹಿಂದೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಟಿ. ನರಸೀಪುರ ಕಾರ್ಖಾನೆಯ ನೂಲಿದೆ. ನೂಲಿನ ಹಿಂದೆ ಗೂಡು, ಗೂಡಿನ ಹಿಂದೆ ಹಿಪ್ಪುನೇರಳೆ ಎಲೆ. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆಗೆ ಸಾಮಾನ್ಯವಾಗಿ 6ರಿಂದ 8 ಕಿಲೋಗ್ರಾಂ ಗೂಡು ಬೇಕು. ಎಲೆ ಕಳಪೆಯಾದರೆ ಗೂಡಿನ ಪದರ ತೆಳುವಾಗಿ ಈ ಪ್ರಮಾಣ ಏರುತ್ತದೆ; ಆ ನಷ್ಟ ನೂಲು ಬಿಚ್ಚಾಣಿಕೆದಾರನ ಖಾತೆಗೆ ಬೀಳುತ್ತದೆ. ಆದುದರಿಂದ ಎಲೆಯ ವಿಚಾರ ರೈತನಿಗೆ ಮಾತ್ರ ಸೀಮಿತವಾದುದಲ್ಲ.

ಹಿಪ್ಪುನೇರಳೆಯನ್ನು ಕಡ್ಡಿಯಿಂದ ಬೆಳೆಸುವುದು ರೂಢಿ. ಬೀಜದಿಂದ ಹುಟ್ಟಿದ ಸಸಿಗಳು ಒಂದರಂತೆ ಇನ್ನೊಂದಿರುವುದಿಲ್ಲ. ಕಡ್ಡಿಯಿಂದ ಬೆಳೆದವು ತಾಯಿಗಿಡದ ವಂಶವಾಹಿಗಳನ್ನು ಯಥಾವತ್ತಾಗಿ ಪಡೆದ ತದ್ರೂಪಿಗಳು. ಹೀಗಿದ್ದರೂ ಒಂದೇ ನರ್ಸರಿಯ ಒಂದೇ ತಳಿ ಕಬಿನಿ ನಾಲೆಯ ಬಯಲಿನಲ್ಲಿ ಹುಲುಸಾಗಿಯೂ, ನಂಜನಗೂಡಿನ ಒಣ ಬೋರೆಯಲ್ಲಿ ಸೊರಗಿಯೂ ಬೆಳೆಯುವುದುಂಟು. ವಂಶವಾಹಿ ಒಂದೇ ಆಗಿರುವಾಗ ಈ ಅಂತರಕ್ಕೆ ಮಣ್ಣು, ನೀರು ಮತ್ತು ನಿರ್ವಹಣೆಯೇ ಕಾರಣ.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ತಳಿಗಳೂ ಇದನ್ನೇ ಸಾರುತ್ತವೆ. ನೀರಾವರಿಗೆ ಹೇಳಿ ಮಾಡಿಸಿದ ವಿ-1 ತಳಿಯು ಶಿಫಾರಸಿನಂತೆ ನೀರು, ಗೊಬ್ಬರ ದೊರೆತಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 60 ಟನ್ ಎಲೆ ನೀಡುತ್ತದೆ. ಹಳೆಯ ಕಣ್ವ-2 (ಎಂ-5) ತಳಿಯದು ಸುಮಾರು 30ರಿಂದ 35 ಟನ್. ಆದರೆ ಮಳೆಯಾಶ್ರಿತ ಕೆಂಪು ಮಣ್ಣಿಗೆ ಎಸ್-13, ಕಪ್ಪು ಮಣ್ಣಿಗೆ ಎಸ್-34, ಕ್ಷಾರ ಮಣ್ಣಿಗೆ ಎಆರ್-12, ತೆಂಗಿನ ನೆರಳಿಗೆ ಸಹನ ಎಂದು ಬೇರೆ ಬೇರೆ ತಳಿಗಳಿವೆ. ಸರ್ವಶ್ರೇಷ್ಠವಾದ ತಳಿ ಒಂದೇ ಇದ್ದಿದ್ದರೆ ಇಷ್ಟು ಹೆಸರುಗಳ ಅಗತ್ಯವೇ ಇರುತ್ತಿರಲಿಲ್ಲ.

ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, ತಳಿಯು ಕಂಪನಿಯ ಅಧಿಕೃತ ಬಂಡವಾಳದಂತೆ. ಅದು ಗರಿಷ್ಠ ಮಿತಿಯನ್ನಷ್ಟೇ ಸೂಚಿಸುತ್ತದೆ. ಪಾವತಿಯಾಗುವ ಬಂಡವಾಳ ಎಷ್ಟೆಂಬುದನ್ನು ನಿರ್ಧರಿಸುವುದು ಜಮೀನು. ನೀರಿಲ್ಲದ ಕಡೆ ವಿ-1ಕ್ಕೆ ಹಣ ಹೂಡುವುದು ವಿದ್ಯುತ್ ಸಂಪರ್ಕವಿಲ್ಲದ ಶೆಡ್ಡಿನಲ್ಲಿ ಯಂತ್ರ ಸ್ಥಾಪಿಸಿದಂತೆ. ಒಮ್ಮೆ ನೆಟ್ಟ ತೋಟ ಹಲವು ವರ್ಷ ಉಳಿಯುವುದರಿಂದ ಮೊದಲ ವರ್ಷದ ತಪ್ಪು ಪ್ರತಿವರ್ಷದ ಖರ್ಚಿನಲ್ಲಿ ಮರುಕಳಿಸುತ್ತದೆ.

ಮತ್ತೊಂದು ಎಚ್ಚರಿಕೆಯೂ ಅವಶ್ಯ. ತದ್ರೂಪಿಗಳಲ್ಲಿ ಒಂದರ ದೌರ್ಬಲ್ಯವೇ ಎಲ್ಲದರ ದೌರ್ಬಲ್ಯ. ಕಂದಿನಿಂದ ಬೆಳೆಯುವ ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ವಿರಳವಾದುದು ಈ ಭಾಗದವರ ಕಣ್ಣೆದುರಿನ ನಿದರ್ಶನ.

ಆದ್ದರಿಂದ ಕಡ್ಡಿ ಕೊಳ್ಳುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ದೊರೆಯುವ ನೀರಿನ ಅಂದಾಜು ಪಡೆಯುವುದು ಲೇಸು. ರೈತರಿಗೆ ಮುಂಗಡ ನೀಡುವ ವ್ಯಾಪಾರಿಗಳೂ ತಳಿಯ ಹೆಸರನ್ನಷ್ಟೇ ಕೇಳದೆ, ಅದು ಯಾವ ನೆಲದಲ್ಲಿ ನಿಂತಿದೆ ಎಂಬುದನ್ನು ವಿಚಾರಿಸುವುದು ಒಳಿತು.