ಪಿಯಾನೊ: ಕಠಿಣ ಕೃತಿಗೆ ಕೈ ಸಿದ್ಧವೇ?

ಬೀಥೋವೆನ್ 1801ರಲ್ಲಿ ರಚಿಸಿದ ‘ಮೂನ್‌ಲೈಟ್ ಸೊನಾಟಾ’ದ ಮೊದಲ ಭಾಗವನ್ನು ಕೆಲವು ವರ್ಷ ಪಿಯಾನೊ ಕಲಿತವರು ನುಡಿಸಬಲ್ಲರು. ಅದರ ಗತಿ ನಿಧಾನ. ಅದೇ ಕೃತಿಯ ಮೂರನೆಯ ಭಾಗದ ಮಾತೇ ಬೇರೆ. ಅತಿವೇಗದಲ್ಲಿ ಮೇಲೇರುವ ಸ್ವರಗಳು, ಏರಿಕೆಯ ತುದಿಯಲ್ಲಿ ಹಠಾತ್ತನೆ ಎರಗುವ ಜೋಡಿ ಹೊಡೆತ, ಸುಮಾರು ಏಳು ನಿಮಿಷ ಬಿಡುವಿಲ್ಲದ ಓಟ. ಮೊದಲನೆಯದು ಬಂದವರಿಗೆ ಮೂರನೆಯದೂ ಬರುತ್ತದೆಂಬುದು ಕಲಿಯುವವರಲ್ಲಿ ಸಾಮಾನ್ಯವಾದ ಭ್ರಮೆ.

ಅಳತೆಗೋಲು ಯಾವುದು?

ಕಲಿತ ವರ್ಷಗಳಾಗಲಿ, ತೇರ್ಗಡೆಯಾದ ಗ್ರೇಡುಗಳಾಗಲಿ ಪೂರ್ಣ ಉತ್ತರ ನೀಡಲಾರವು. ಕೃತಿಯೇ ಪರೀಕ್ಷಕ. ಆರಂಭದ ಪುಟವನ್ನು ಬಿಟ್ಟು, ಅತ್ಯಂತ ಕ್ಲಿಷ್ಟವೆನಿಸಿದ ಎಂಟು ಆವರ್ತಗಳನ್ನು ಆರಿಸಿಕೊಳ್ಳಬೇಕು. ಮೆಟ್ರೊನೋಮ್ ಅನ್ನು ಉದ್ದೇಶಿತ ವೇಗದ ಅರ್ಧಕ್ಕಿಳಿಸಿ, ಮೊದಲು ಒಂದೊಂದೇ ಕೈಯಲ್ಲಿ, ಬಳಿಕ ಎರಡೂ ಕೈಗಳಲ್ಲಿ ಒಂದು ವಾರ ಅಭ್ಯಾಸ ಮಾಡಬೇಕು.

ವಾರಾಂತ್ಯಕ್ಕೆ ಆ ಭಾಗ ಸತತ ಮೂರು ಬಾರಿ ತಡವರಿಸದೆ ಬಂದರೆ, ವೇಗ ತುಸು ಹೆಚ್ಚಿಸಿದಾಗಲೂ ಮಣಿಕಟ್ಟು ಸಡಿಲವಾಗಿಯೇ ಉಳಿದರೆ, ಕೃತಿ ಕೈಗೆಟಕುವ ದೂರದಲ್ಲಿದೆ. ತಪ್ಪುಗಳನ್ನೂ ಗಮನಿಸಬೇಕು. ದಿನಕ್ಕೊಂದು ಕಡೆ ತಪ್ಪಿದರೆ ಅದು ಬಹುಮಟ್ಟಿಗೆ ಅಭ್ಯಾಸದ ಕೊರತೆ. ವಾರವಿಡೀ ಒಂದೇ ಕಡೆ ಎಡವಿದರೆ ಅಲ್ಲಿ ಬೇಕಾದ ತಂತ್ರವೇ ಇನ್ನೂ ಕೈವಶವಾಗಿಲ್ಲ.

ನೋವು ಕೊಡುವ ಎಚ್ಚರಿಕೆ

ಮುಂಗೈ ಬಿಗಿತವನ್ನು ಶ್ರಮದ ಗುರುತೆಂದು ಭಾವಿಸಿ ಮುಂದುವರಿಯುವುದು ಅಪಾಯಕಾರಿ. ಪಿಯಾನೊ ವಾದಕನಾಗಬಯಸಿದ್ದ ರಾಬರ್ಟ್ ಶೂಮನ್ 1830ರ ದಶಕದ ಆರಂಭದಲ್ಲಿ ಬಲಗೈ ಬೆರಳಿನ ಹಿಡಿತ ಕಳೆದುಕೊಂಡು ಆ ಆಸೆಯನ್ನೇ ತೊರೆಯಬೇಕಾಯಿತು. ಕಾರಣದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಬೆರಳು ಬಲಪಡಿಸಲು ಬಳಸಿದ ಸಾಧನ ಹಾಗೂ ಅತಿಯಾದ ಅಭ್ಯಾಸ ಆ ಚರ್ಚೆಯಲ್ಲಿ ಪದೇ ಪದೇ ಕೇಳಿಬರುತ್ತವೆ. ನೋವು ಕಾಣಿಸಿದೊಡನೆ ನಿಲ್ಲಿಸಿ, ಕೈ ಇಡುವ ಭಂಗಿಯನ್ನು ಗುರುಗಳಿಂದ ಪರೀಕ್ಷಿಸಿಕೊಳ್ಳುವುದು ಒಳಿತು.

ನಡುವಿನ ಮೆಟ್ಟಿಲು

ಸಿದ್ಧತೆ ಸಾಲದೆಂದು ತಿಳಿದಾಕ್ಷಣ ಆಸೆ ಬಿಡಬೇಕಿಲ್ಲ. ಬೀಥೋವೆನ್‌ನ 49ನೇ ಓಪಸ್‌ನಲ್ಲಿ ಎರಡು ಸುಲಭ ಸೊನಾಟಾಗಳಿವೆ. ಅವುಗಳ ನಂತರ ‘ಪಥೆಟೀಕ್’ ಸೊನಾಟಾದ ಕೊನೆಯ ಭಾಗವನ್ನು ಕಲಿತವರಿಗೆ ಮೂನ್‌ಲೈಟ್‌ನ ಬಿರುಗಾಳಿ ಅಷ್ಟು ಅಪರಿಚಿತವೆನಿಸದು. ಆ ಬಳಿಕ ಅದೇ ಎಂಟು ಆವರ್ತಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಬಹುದು. ಅವಸರದಲ್ಲಿ ರೂಢಿಯಾದ ತಪ್ಪು ಬೆರಳುಕ್ರಮವನ್ನು ಅಳಿಸುವುದು ಹೊಸದಾಗಿ ಕಲಿಯುವುದಕ್ಕಿಂತಲೂ ಕಷ್ಟ.