ಬಾರದ ಜೊತೆಗಾರನ ಪಾತ್ರ

ನಮ್ಮ ಕಾಸರಗೋಡಿನ ಕಡೆ ತಾಳಮದ್ದಲೆಗೆ ಅರ್ಥಧಾರಿಯೊಬ್ಬರು ಬಾರದಿದ್ದರೆ ಇನ್ನೊಬ್ಬರು ಕುಳಿತು ಕೃಷ್ಣನ ಅರ್ಥ ಹೇಳುತ್ತಾರೆ. ಕೃಷ್ಣನ ಪಾತ್ರ ಯಾರೊಬ್ಬರ ಸ್ವತ್ತೂ ಅಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಹಾಗಲ್ಲ. ಅಲ್ಲಿ ಸೂತ್ರಧಾರನೊಬ್ಬ ಕಥೆ ನಡೆಸುತ್ತಾನೆ. ಉಳಿದವರು ತಾವೇ ಕಲ್ಪಿಸಿದ ಪಾತ್ರಗಳಾಗಿ ಮಾತನಾಡುತ್ತಾರೆ. ಇಂತಹ ಆಟಗಳನ್ನು ಈಗ ಬೇರೆ ಬೇರೆ ಊರುಗಳಲ್ಲಿ ಕುಳಿತು ಅಂತರ್ಜಾಲದಲ್ಲಿಯೂ ಆಡುತ್ತಾರೆ.

ಒಬ್ಬ ಬರಲಿಲ್ಲವೆಂದು ಅವನ ಪಾತ್ರವನ್ನು ಕೊಂದು ಗಂಟು ಹಂಚಿಕೊಳ್ಳುವುದು ತರವಲ್ಲ. ತಿಂಗಳುಗಟ್ಟಲೆ ಅವನು ಬೆಳೆಸಿದ ಪಾತ್ರವದು. ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಅದನ್ನು ಆಡಿಸಲೂಬಾರದೆಂದೇ ನಾವು ಹೇಳುತ್ತೇವೆ. ಸೂತ್ರಧಾರ ಜಾಣನಾದರೆ ಆ ವೀರನನ್ನು ಶಿಬಿರದ ಕಾವಲಿಗೆ ಹಿಂದೆ ಉಳಿಸುತ್ತಾನೆ. ಮರುವಾರ ಬಂದವನಿಗೆ ನಡೆದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದರಾಯಿತು. ಏಕೆ ಬರಲಿಲ್ಲವೆಂದು ಎಲ್ಲರೆದುರು ಕೆದಕುವುದು ಬೇಡ. ಮನೆಯಲ್ಲಿ ಯಾರಿಗಾದರೂ ಜ್ವರವಿರಬಹುದು, ಕರೆಂಟು ಹೋಗಿರಬಹುದು. ಇರುವ ಒಂದೇ ಫೋನು ಆ ಸಂಜೆ ಅಪ್ಪನ ಕೈಯಲ್ಲಿದ್ದಿರಬಹುದು.